ವಾಸಿಲಿ ಕಾಂಡಿನ್ಸ್ಕಿ

ವಾಸಿಲಿ ಕಾಂಡಿನ್ಸ್ಕಿ (16 ಡಿಸೆಂಬರ್ 1866 – 13 ಡಿಸೆಂಬರ್ 1944) ರಷ್ಯಾ ಮೂಲದ ಚಿತ್ರಕಾರ, ಕಲಾಚಿಂತಕ ಹಾಗೂ ಕವಿ. ಅಮೂರ್ತ ಚಿತ್ರಕಲೆಯ ಪ್ರವರ್ತಕರಲ್ಲಿ ಒಬ್ಬರು. ತಮ್ಮ ಚಿತ್ರಗಳು ರೂಪುಗೊಂಡ ಬಗೆಯನ್ನು ತಾವೇ ವಿಮರ್ಶಿಸಿ ಬರೆದ ಕಲಾವಿದರೆಂದೂ ಪ್ರಸಿದ್ಧರು.

ಆರಂಭಿಕ ಜೀವನ

ಮಾಸ್ಕೋದಲ್ಲಿ ಜನಿಸಿದ ಕಾಂಡಿನ್ಸ್ಕಿ ಬಾಲ್ಯವನ್ನು ಒಡೆಸ್ಸಾದಲ್ಲಿ ಕಳೆದರು. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಕಾನೂನು ಮತ್ತು ಅರ್ಥಶಾಸ್ತ್ರವನ್ನು ಅಭ್ಯಾಸ ಮಾಡಿದರು. 1889ರಲ್ಲಿ ಜನಜೀವನದ ಅಧ್ಯಯನಕ್ಕಾಗಿ ವೊಲೊಗ್ಡಾ ಪ್ರಾಂತ್ಯಕ್ಕೆ ಹೋದಾಗ, ಒಳಗೆಲ್ಲ ಬಣ್ಣದ ಚಿತ್ತಾರ ತುಂಬಿದ ರೈತರ ಮನೆಗಳನ್ನು ಕಂಡರು. ಚಿತ್ರವೊಂದರ ಒಳಕ್ಕೇ ಕಾಲಿಟ್ಟ ಅನುಭವ ಅವರಿಗಾಯಿತು. ಮುಂದೆ ಮಾಸ್ಕೋದ ಪ್ರದರ್ಶನವೊಂದರಲ್ಲಿ ಫ್ರೆಂಚ್ ಕಲಾವಿದ ಕ್ಲೋಡ್ ಮೊನೆಯ ಹುಲ್ಲಿನ ಬಣವೆಯ ಚಿತ್ರವನ್ನು ನೋಡಿದರು. ಅದು ಬಣವೆಯೆಂಬುದು ಪ್ರದರ್ಶನದ ಪಟ್ಟಿಯಿಂದಷ್ಟೇ ತಿಳಿಯಿತು. ಆದರೂ ಚಿತ್ರ ಮನಸ್ಸಿನಲ್ಲಿ ಅಚ್ಚೊತ್ತಿತು. 1896ರಲ್ಲಿ ಡೋರ್ಪಟ್ ವಿಶ್ವವಿದ್ಯಾಲಯದ ಹುದ್ದೆಯನ್ನು ನಿರಾಕರಿಸಿ, ಚಿತ್ರಕಲೆ ಕಲಿಯಲು ಜರ್ಮನಿಯ ಮ್ಯೂನಿಕ್ ನಗರಕ್ಕೆ ತೆರಳಿದರು.

ಬರಹಗಳು

1911ರಲ್ಲಿ ಫ್ರಾಂಟ್ಸ್ ಮಾರ್ಕ್ ಅವರೊಡನೆ 'ನೀಲಿ ಸವಾರ' ಎಂಬ ಕಲಾವಿದರ ಬಳಗವನ್ನು ಕಟ್ಟಿದರು. ಅದೇ ವರ್ಷದ ಕೊನೆಯಲ್ಲಿ 'ಕಲೆಯಲ್ಲಿನ ಆಧ್ಯಾತ್ಮಿಕತೆಯನ್ನು ಕುರಿತು' ಎಂಬ ಗ್ರಂಥ ಹೊರಬಂದಿತು. ಇದರಲ್ಲಿ ಅವರು ಬಣ್ಣಗಳನ್ನು ವಾದ್ಯಗಳ ನಾದಕ್ಕೆ ಹೋಲಿಸಿದ್ದಾರೆ: ತಿಳಿನೀಲಿ ಕೊಳಲಿನಂತೆ, ಕಡುನೀಲಿ ಚೆಲ್ಲೊ ವಾದ್ಯದಂತೆ. 'ನಾದಗಳು' ಎಂಬ ಸಂಕಲನದಲ್ಲಿ 38 ಗದ್ಯಕವಿತೆಗಳೂ ಮರದಚ್ಚಿನಿಂದ ಮುದ್ರಿಸಿದ 56 ಚಿತ್ರಗಳೂ ಇವೆ. 1913ರಲ್ಲಿ ಆತ್ಮಕಥನ 'ಹಿನ್ನೋಟಗಳು' ಬರ್ಲಿನ್‌ನಲ್ಲಿ ಪ್ರಕಟವಾಯಿತು. ವೊಲೊಗ್ಡಾದ ಮನೆಗಳು ಮತ್ತು ಬಣವೆಯ ಚಿತ್ರದ ಪ್ರಸಂಗಗಳು ಇದರಲ್ಲಿಯೇ ದಾಖಲಾಗಿವೆ. ಅದೇ ಸಂಪುಟದಲ್ಲಿ ತಮ್ಮ ಮೂರು ಚಿತ್ರಗಳನ್ನು ಕುರಿತ ಟಿಪ್ಪಣಿಗಳನ್ನೂ ಸೇರಿಸಿದರು.

'ಕಾಂಪೊಸಿಶನ್ 6' ಕುರಿತ ಟಿಪ್ಪಣಿ

ಈ ಟಿಪ್ಪಣಿಗಳಲ್ಲಿ 'ಕಾಂಪೊಸಿಶನ್ 6' ಕುರಿತದ್ದು ಮುಖ್ಯವಾದುದು. ಜಲಪ್ರಳಯವನ್ನು ವಸ್ತುವಾಗಿಟ್ಟುಕೊಂಡು ಕಾಂಡಿನ್ಸ್ಕಿ ಮೊದಲು ಗಾಜಿನ ಮೇಲೆ ಚಿತ್ರವೊಂದನ್ನು ಬರೆದಿದ್ದರು. ಅದನ್ನೇ ದೊಡ್ಡ ಕ್ಯಾನ್ವಾಸಿಗೆ ತರಲು ಒಂದೂವರೆ ವರ್ಷ ಯತ್ನಿಸಿದರೂ ಕೈಗೂಡಲಿಲ್ಲ. ಪ್ರಳಯವೆಂಬ ಪದದ ಒಳದನಿಗೆ ಕಿವಿಗೊಡುವ ಬದಲು ಪ್ರಳಯದ ಹೊರ ದೃಶ್ಯಕ್ಕೆ ತಾವು ಕಟ್ಟುಬಿದ್ದಿದ್ದೇ ಸೋಲಿಗೆ ಕಾರಣವೆಂದು ಅವರು ಗುರುತಿಸುತ್ತಾರೆ. ಚಿತ್ರ ಕೊನೆಗೆ ಪೂರ್ಣಗೊಂಡದ್ದು ಆ ದೃಶ್ಯದಿಂದ ಬಿಡಿಸಿಕೊಂಡ ಬಳಿಕ. ಅದರ ಪ್ರಧಾನ ಕೇಂದ್ರದಲ್ಲಿ ಗುಲಾಬಿ ಮತ್ತು ಬಿಳಿ ಬಣ್ಣಗಳು ನೊರೆಯುಕ್ಕುತ್ತ, ಹಬೆಯ ನಡುವೆ ನಿಂತ ಮನುಷ್ಯನಂತೆ ಹತ್ತಿರವೂ ಅಲ್ಲದೆ ದೂರವೂ ಅಲ್ಲದೆ ತೋರುತ್ತವೆಂದು ವಿವರಿಸುತ್ತಾರೆ. ನಾಶದ ವಸ್ತು ಇಲ್ಲಿ ಹೊಸ ಸೃಷ್ಟಿಯ ಸ್ತುತಿಯಾಗುತ್ತದೆಂಬುದು ಅವರ ನಿಲುವು. ಈ ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ.

ನಂತರದ ಜೀವನ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಕಾಂಡಿನ್ಸ್ಕಿ ರಷ್ಯಾಕ್ಕೆ ಮರಳಿದರು. ಆತ್ಮಕಥನವನ್ನು ಪರಿಷ್ಕರಿಸಿ 1918ರಲ್ಲಿ ರಷ್ಯನ್ ಭಾಷೆಯಲ್ಲಿ ಪ್ರಕಟಿಸಿದರು. 1922ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಅಧ್ಯಾಪಕರಾದರು. ಆ ವರ್ಷ ಕಲ್ಕತ್ತೆಯಲ್ಲಿ ನಡೆದ ಬೌಹೌಸ್ ಕಲಾವಿದರ ಪ್ರದರ್ಶನದಲ್ಲಿ ಅವರ ಕೃತಿಗಳೂ ಇದ್ದವು. 1926ರಲ್ಲಿ ಬಿಂದು, ರೇಖೆ ಮತ್ತು ಸಮತಲಗಳನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. 1933ರಲ್ಲಿ ಬೌಹೌಸ್ ಮುಚ್ಚಿದ ಮೇಲೆ ಫ್ರಾನ್ಸಿನಲ್ಲಿ ನೆಲೆಸಿದರು. 1937ರಲ್ಲಿ ನಾಜಿ ಸರ್ಕಾರ ಜರ್ಮನಿಯ ವಸ್ತುಸಂಗ್ರಹಾಲಯಗಳಲ್ಲಿದ್ದ ಅವರ ಚಿತ್ರಗಳನ್ನು ವಶಪಡಿಸಿಕೊಂಡು, ಕೆಲವನ್ನು 'ಅಧಃಪತಿತ ಕಲೆ' ಎಂಬ ಪ್ರದರ್ಶನದಲ್ಲಿ ಅವಹೇಳನಕ್ಕೆ ಗುರಿಪಡಿಸಿತು. 1944ರಲ್ಲಿ ಪ್ಯಾರಿಸ್ ಸಮೀಪದ ನೋಯಿ-ಸುರ್-ಸೆನ್ ಪಟ್ಟಣದಲ್ಲಿ ನಿಧನರಾದರು. ಅವರ ಹತ್ತು 'ಕಾಂಪೊಸಿಶನ್'ಗಳಲ್ಲಿ ಮೊದಲ ಮೂರು ಇಂದು ಉಳಿದಿಲ್ಲ. ಅವುಗಳ ಕಪ್ಪುಬಿಳುಪು ಛಾಯಾಚಿತ್ರಗಳು ಮಾತ್ರ ದೊರೆಯುತ್ತವೆ.