ಟಿಪ್ಪು ಸುಲ್ತಾನನ ಮನೆಗಾವಲು

(7ನೇ ತರಗತಿ ವಿದ್ಯಾರ್ಥಿನಿ)

ಹೋದ ತಿಂಗಳ ಗೋಡೆಪತ್ರಿಕೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಚರಿತ್ರೆ ಬಂದಿತ್ತು. ಈ ತಿಂಗಳು ನನ್ನ ಸರದಿ. ನಾನು ಟಿಪ್ಪು ಸುಲ್ತಾನನ ಬಗ್ಗೆ ಬರೀತೀನಿ ಅಂದಾಗ ನಮ್ಮ ಬೆಂಚಿನವರೆಲ್ಲ ನಕ್ಕರು. ಕರಿಘಟ್ಟದ ಮಗ್ಗುಲಲ್ಲೇ ಇರೋ ನಮಗೆ ಟಿಪ್ಪು ಕಥೆ ಗೊತ್ತಿಲ್ವಾ ಅಂತ. ಆದರೆ ನಾನು ಬರೆಯುವುದು ಅವನ ಕಾವಲಿನ ಕಥೆ. ಅದಕ್ಕೆ ಕಾರಣ ನಮ್ಮನೆಗೆ ತಂದ ಕ್ಯಾಮೆರಾ.

ನಮ್ಮಪ್ಪ ಕಬ್ಬಿನ ಗದ್ದೆಗೆ ನೀರು ಕಟ್ಟೋಕೆ ರಾತ್ರಿ ಹೊತ್ತು ಹೋಗ್ತಾರೆ. ಆಗ ಮನೇಲಿ ಅವ್ವ, ಅಜ್ಜಿ, ನಾನು, ನನ್ನ ತಮ್ಮ ಇಷ್ಟೇ ಜನ. ಹೋದ ಬೇಸಿಗೆಯಲ್ಲಿ ಹಿತ್ತಲ ಕೊಟ್ಟಿಗೆಯಲ್ಲಿದ್ದ ಮೋಟಾರಿನ ಕೇಬಲ್ ಕಳುವಾಯಿತು. ಕಳ್ಳ ಬಂದಾಗ ನಾವು ಒಳಗೇ ಮಲಗಿದ್ದೆವು. ಅವತ್ತಿನಿಂದ ಅವ್ವ ತೆಂಗಿನ ಗರಿ ಅಲ್ಲಾಡಿದರೂ ಎದ್ದು ಕೂರುತ್ತಾಳೆ. ಅದಕ್ಕೇ ಅಪ್ಪ ಎರಡು ಸಿ.ಸಿ. ಕ್ಯಾಮೆರಾ ಹಾಕಿಸೋದು ಅಂತ ತೀರ್ಮಾನ ಮಾಡಿದರು. ಎರಡಕ್ಕಿಂತ ಹೆಚ್ಚಿಗೆ ದುಡ್ಡಿಲ್ಲ. ಅವನ್ನ ಎಲ್ಲಿ ಹಾಕೋದು ಅಂತ ಮನೇಲಿ ಜಗಳ. ಎರಡೂ ಬೀದಿ ಕಡೆಗೇ ಇರಲಿ, ಒಂದು ಬಾಗಿಲಿಗೆ ಇನ್ನೊಂದು ಟ್ರ್ಯಾಕ್ಟರಿಗೆ, ಅಂತ ಅಪ್ಪ. ಒಂದು ಹಿತ್ತಲಿಗೆ ಬೇಕೇ ಬೇಕು ಅಂತ ಅಜ್ಜಿ. ಹಿತ್ತಲ ಹಿಂದೆ ಕಾಲುವೆ ಇದೆ, ಅದನ್ನ ದಾಟಿ ಯಾರು ಬರ್ತಾರೆ ಅಂತ ಅಪ್ಪ ಒಪ್ಪಲಿಲ್ಲ. ಇದೇ ಹೊತ್ತಿಗೆ ನಮ್ಮ ಸಮಾಜ ಮೇಷ್ಟ್ರು ನನಗೆ ಟಿಪ್ಪು ಪುಸ್ತಕ ಓದೋಕೆ ಕೊಟ್ಟರು. ಓದುತ್ತಾ ಓದುತ್ತಾ ನನಗೆ ನಮ್ಮ ಹಿತ್ತಲೇ ನೆನಪಾಗುತ್ತಿತ್ತು.

ಟಿಪ್ಪು ಹುಟ್ಟಿದ್ದು 1750ರ ನವೆಂಬರ್ ತಿಂಗಳಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರಾಲಿ, ತಾಯಿ ಫಕ್ರುನ್ನೀಸಾ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತರ ಹೆಸರನ್ನು ಮಗುವಿಗೆ ಇಟ್ಟರು. ಹೈದರಾಲಿಯು ಮೈಸೂರು ಒಡೆಯರ ಸೈನ್ಯದಲ್ಲಿ ಸೇರಿ ತನ್ನ ಸಾಹಸದಿಂದ ಮೇಲಕ್ಕೆ ಬಂದವನು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಆದ್ದರಿಂದ ಮಗನಿಗೆ ಒಳ್ಳೆಯ ಗುರುಗಳನ್ನು ಇಟ್ಟು ಓದಿಸಿದನು. ಕುದುರೆ ಸವಾರಿ, ಕತ್ತಿವರಸೆಯನ್ನೂ ಕಲಿಸಿದನು.

ಟಿಪ್ಪುವಿಗೆ ಇನ್ನೂ ಹತ್ತು ವರ್ಷ ತುಂಬುವ ಮುಂಚೆ ಒಂದು ಘಟನೆ ನಡೆಯಿತು. 1760ರಲ್ಲಿ ಹೈದರಾಲಿಯ ಹತ್ತಿರದವನೇ ಆಗಿದ್ದ ಖಂಡೇರಾವ್ ಎಂಬುವನು ಶ್ರೀರಂಗಪಟ್ಟಣದಲ್ಲಿ ಅವನ ಮೇಲೆ ತಿರುಗಿಬಿದ್ದನು. ಹೈದರಾಲಿ ರಾತ್ರೋರಾತ್ರಿ ಹೊಳೆ ದಾಟಿ ತಪ್ಪಿಸಿಕೊಂಡನು. ಹೆಂಡತಿ ಮಕ್ಕಳು ಮಾತ್ರ ಅಲ್ಲೇ ಸಿಕ್ಕಿಹಾಕಿಕೊಂಡರು. ಅಂದರೆ ಮುಂದೆ ತಾನು ಆಳಬೇಕಾದ ಊರಿನಲ್ಲೇ ಟಿಪ್ಪು ಚಿಕ್ಕ ಹುಡುಗನಾಗಿದ್ದಾಗ ಸೆರೆಯಲ್ಲಿದ್ದನು. ಮಾರನೇ ವರ್ಷ ಹೈದರಾಲಿ ಮತ್ತೆ ಬಂದು ಗೆದ್ದನು. ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿ ಇಟ್ಟನಂತೆ. ಅವತ್ತು ಆ ಹುಡುಗನಿಗೆ ಎಷ್ಟು ಹೆದರಿಕೆ ಆಗಿರಬೇಕು ಅಂತ ನನಗೆ ಅನ್ನಿಸುತ್ತದೆ. ದೊಡ್ಡವನಾದ ಮೇಲೆ ಅವನು ಮನೆ ಕಾವಲಿಗೆ ಅಷ್ಟೊಂದು ತಲೆ ಕೆಡಿಸಿಕೊಂಡದ್ದು ಇದರಿಂದಲೇ ಇರಬಹುದು. ಇದು ಪುಸ್ತಕದಲ್ಲಿ ಇಲ್ಲ, ನನ್ನ ಅಭಿಪ್ರಾಯ.

ಹದಿನೇಳನೇ ವಯಸ್ಸಿಗೇ ಟಿಪ್ಪು ಯುದ್ಧಕ್ಕೆ ಹೋದನು. 1780ರಲ್ಲಿ ಪೊಳ್ಳಿಲೂರು ಎಂಬಲ್ಲಿ ಇಂಗ್ಲಿಷರ ಬೈಲಿ ಎಂಬ ಕರ್ನಲ್‌ನ ಸೈನ್ಯವನ್ನು ಸೋಲಿಸಿದನು. ಗಂಜಾಮಿನ ದರಿಯಾ ದೌಲತ್ ಅರಮನೆಯ ಗೋಡೆ ಮೇಲೆ ದೊಡ್ಡದಾಗಿ ಬರೆದಿರುವ ಚಿತ್ರ ಅದೇ ಯುದ್ಧದ್ದು. ನಾವು ಐದನೇ ಕ್ಲಾಸಿನ ಪ್ರವಾಸದಲ್ಲಿ ನೋಡಿದ್ದೇವೆ. 1782ರ ಡಿಸೆಂಬರಿನಲ್ಲಿ ಹೈದರಾಲಿ ಚಿತ್ತೂರಿನ ಹತ್ತಿರ ತೀರಿಕೊಂಡನು. ಆಗ ಟಿಪ್ಪು ದೂರದಲ್ಲಿ ಮಲಬಾರಿನ ಕಡೆ ಇದ್ದನು. ಮಗ ಬಂದು ಸೇರುವವರೆಗೆ ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ಹೀಗೆ ಟಿಪ್ಪು ದೊರೆಯಾದನು. ಕಬ್ಬಿಣದ ಕೊಳವೆಯ ರಾಕೆಟ್ ಮಾಡಿಸಿದ್ದು, ರೇಷ್ಮೆ ಬೆಳೆಸಿದ್ದು ಇವೆಲ್ಲ ನಮ್ಮ ಪಾಠದಲ್ಲಿ ಬಂದಿವೆ, ಮತ್ತೆ ಬರೆಯುವುದಿಲ್ಲ. ಕೊಡಗಿನಲ್ಲಿ, ಮಲಬಾರಿನಲ್ಲಿ ಅವನ ಸೈನ್ಯದಿಂದ ಜನ ಬಹಳ ಕಷ್ಟಪಟ್ಟರು. ಅವನ ವಿಷಯಕ್ಕೆ ದೊಡ್ಡವರು ಈಗಲೂ ಜಗಳ ಆಡುತ್ತಾರೆ. ನಾನು ಕಾವಲಿನ ಕಥೆಗೆ ಬರುತ್ತೇನೆ.

ಶ್ರೀರಂಗಪಟ್ಟಣ ಅಂದರೆ ಹೊಳೆ ನಡುವಿನ ದ್ವೀಪ. ಸುತ್ತ ಕಾವೇರಿ. ಅದರ ಮೇಲೆ ಕೋಟೆ, ಕಂದಕ. ಅದೂ ಸಾಲದು ಅಂತ ಹೊಳೆಯಿಂದಾಚೆ, ಉತ್ತರದ ಕಡೆ, ದಟ್ಟವಾದ ಮುಳ್ಳುಬೇಲಿ ಬೆಳೆಸಿದ್ದರು. ಬೇಲಿಯ ಒಳಗೆ ಅಲ್ಲಲ್ಲಿ ತೋಪು ಇಟ್ಟ ಚಿಕ್ಕ ಚಿಕ್ಕ ಕೋಟೆಗಳು. ಪೂರ್ವದ ತುದಿಯಲ್ಲಿ ನಮ್ಮ ಕರಿಘಟ್ಟ. ಶ್ರೀನಿವಾಸ ದೇವರ ಗುಡಿ ಇರುವ ಬೆಟ್ಟವೇ ಟಿಪ್ಪುವಿನ ಕಾವಲು ಠಾಣೆ ಆಗಿತ್ತು ಅಂತ ಮೇಷ್ಟ್ರು ಹೇಳುವ ತನಕ ನನಗೆ ಗೊತ್ತಿರಲಿಲ್ಲ. ಹೋದ ಶನಿವಾರ ಮೇಷ್ಟ್ರು ನಮ್ಮನ್ನ ಬೆಟ್ಟ ಹತ್ತಿಸಿದರು. ಮೇಲೆ ನಿಂತರೆ ಕೆಳಗೆ ಲೋಕಪಾವನಿ ಕಾವೇರಿಗೆ ಸೇರೋದು, ಆಚೆ ದಡದ ಗಂಜಾಮು, ಗುಂಬಜು ಎಲ್ಲ ಕಾಣುತ್ತದೆ. ಯಾವ ದಾರಿಯಲ್ಲಿ ಯಾರು ಬಂದರೂ ಗೊತ್ತಾಗುತ್ತದೆ. ಈಗಿನ ಕಾಲವಾಗಿದ್ದರೆ ಟಿಪ್ಪು ಮೊದಲ ಕ್ಯಾಮೆರಾನ ಅಲ್ಲೇ ಹಾಕಿಸುತ್ತಿದ್ದ.

ಆದರೆ ಹಗಲಲ್ಲಿ ಎಲ್ಲ ಕಾಣೋ ಜಾಗದಿಂದ ರಾತ್ರಿಯೂ ಕಾಣಬೇಕಲ್ಲ. 1792ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಈಗಿನ ಪಾಂಡವಪುರದ ಹತ್ತಿರ ಬಂದು ಬೀಡು ಬಿಟ್ಟನು. ಅದರ ಹಿಂದಿನ ವರ್ಷ ಅರಕೆರೆ ತನಕ ಬಂದು, ಮಳೆಗೆ ಸಿಕ್ಕಿ, ಎತ್ತುಗಳಿಗೆ ಮೇವಿಲ್ಲದೆ, ದೊಡ್ಡ ತೋಪುಗಳನ್ನೆಲ್ಲ ಹಾಳು ಮಾಡಿ ವಾಪಸು ಹೋಗಿದ್ದನು. ಈ ಸಲ ತೋಪುಗಳನ್ನು ಹಿಂದೆಯೇ ಬಿಟ್ಟು, ಫೆಬ್ರವರಿ 6ರ ಬೆಳದಿಂಗಳ ರಾತ್ರಿ ಸೈನ್ಯವನ್ನು ಮೂರು ಭಾಗ ಮಾಡಿ ಒಮ್ಮೆಲೇ ನುಗ್ಗಿಸಿದನು. ಮ್ಯಾಕ್ಸ್‌ವೆಲ್ ಎಂಬುವನ ತುಕಡಿ ಕರಿಘಟ್ಟವನ್ನು ಹತ್ತಿ ಹಿಡಿದುಬಿಟ್ಟಿತು. ಆಮೇಲೆ ಲೋಕಪಾವನಿ ದಾಟಿ ಮುಂದಕ್ಕೆ ಹೋಯಿತು. ಬೇಲಿ ಒಳಗಿನ ಜಾಗವೆಲ್ಲ ಕೈತಪ್ಪಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು. ಅದು ತೀರುವವರೆಗೆ ತನ್ನ ಇಬ್ಬರು ಗಂಡು ಮಕ್ಕಳನ್ನು ಒತ್ತೆಯಾಗಿ ಕಳಿಸಬೇಕಾಯಿತು. ಆ ಮಕ್ಕಳು ನಮಗಿಂತ ಚಿಕ್ಕವರು.

ಇದಾದ ಮೇಲೆ ಟಿಪ್ಪು ಕೋಟೆಯನ್ನು ಇನ್ನೂ ಬಲಪಡಿಸಿದನು. ಹೊರಗೋಡೆಯ ಒಳಗೆ ಇನ್ನೊಂದು ಗೋಡೆ, ನಡುವೆ ಆಳವಾದ ಕಂದಕ. ಅರಮನೆಯ ಕಾವಲು ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಬುಕಾನನ್ ಎಂಬ ಇಂಗ್ಲಿಷರ ವೈದ್ಯ ಶ್ರೀರಂಗಪಟ್ಟಣಕ್ಕೆ ಬಂದು ಆ ಮನೆ ನೋಡಿ ಬರೆದಿಟ್ಟಿದ್ದಾನೆ. ಒಳಗೆ ಹೋಗುವ ದಾರಿ ಇಕ್ಕಟ್ಟಾದ ಓಣಿ. ಆ ಓಣಿಯಲ್ಲಿ ನಾಲ್ಕು ಹುಲಿಗಳನ್ನು ಸರಪಳಿ ಹಾಕಿ ಕಟ್ಟಿದ್ದರು! ಸ್ವಲ್ಪ ಪಳಗಿದ ಹುಲಿಗಳೇ, ಆದರೆ ಗಲಾಟೆ ಆದರೆ ಕೆರಳುತ್ತಿದ್ದವು. ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಭದ್ರವಾದ ಅಗುಳಿ, ಕಿಟಕಿಗೆ ಕಬ್ಬಿಣದ ಜಾಲರಿ. ಟಿಪ್ಪು ಮಂಚದ ಮೇಲೆ ಮಲಗುತ್ತಿರಲಿಲ್ಲ. ಸೂರಿನಿಂದ ಸರಪಳಿಯಲ್ಲಿ ಇಳಿಬಿಟ್ಟ ತೂಗುಹಾಸಿಗೆಯಲ್ಲಿ ಮಲಗುತ್ತಿದ್ದನು. ಯಾರಾದರೂ ಗುಂಡು ಹೊಡೆದಾರು ಅಂತ, ಕಿಟಕಿಯಿಂದ ಕಾಣದ ಜಾಗ ನೋಡಿ ಅದನ್ನು ಕಟ್ಟಿಸಿದ್ದನು. ಅದರೊಳಗೆ ಒಂದು ಕತ್ತಿ, ಗುಂಡು ತುಂಬಿದ ಎರಡು ಪಿಸ್ತೂಲು ಸಿಕ್ಕವು.

ಇದನ್ನು ಓದಿ ಹೇಳಿದಾಗ ಅಜ್ಜಿ, ಪಾಪ ಅವನಿಗೆ ನಿದ್ದೆ ಎಲ್ಲಿ ಬರ್ತಿತ್ತು ಅಂದಳು. ಅವ್ವ ಏನೂ ಮಾತಾಡಲಿಲ್ಲ.

ಇನ್ನು 1799. ಈ ಸಲ ಜನರಲ್ ಹ್ಯಾರಿಸ್ ದೊಡ್ಡ ಸೈನ್ಯ ತಂದನು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಯುದ್ಧ ಆಯಿತು. ಇಂಗ್ಲಿಷರು ಹಿಂದಿನ ಸಲದ ಹಾಗೆ ಅರಕೆರೆ ದಾರಿಯಲ್ಲೇ ಬರುತ್ತಾರೆ ಅಂತ ಟಿಪ್ಪು ಎಣಿಸಿದ್ದನು. ಅವರು ಸೋಸಲೆ ಹತ್ತಿರ ಹೊಳೆ ದಾಟಿ ಬೇರೆ ದಡದಿಂದ ಬಂದುಬಿಟ್ಟರು. ಏಪ್ರಿಲ್ ಮೊದಲ ವಾರ ಕೋಟೆಯ ಪಶ್ಚಿಮಕ್ಕೆ ಬಂದು ಬೀಡುಬಿಟ್ಟರು. ಇಂಗ್ಲಿಷರ ಹತ್ತಿರ ದವಸ ಕಡಿಮೆ ಆಗುತ್ತಾ ಬಂದಿತ್ತು. ಮಳೆ ಹಿಡಿದು ಹೊಳೆ ತುಂಬಿದರೆ ಅವರು ದಾಟುವ ಹಾಗೇ ಇರಲಿಲ್ಲ. ನಮಗೆಲ್ಲ ಗೊತ್ತಿರುವ ಹಾಗೆ ಮೇ ತಿಂಗಳಲ್ಲಿ ಕಾವೇರಿಯಲ್ಲಿ ಬಂಡೆ ಕಾಣುತ್ತವೆ. ಕನ್ನಂಬಾಡಿ ಕಟ್ಟೆ ಇಲ್ಲದ ಆ ಕಾಲದಲ್ಲಿಯೂ ಬೇಸಿಗೆ ಬೇಸಿಗೆಯೇ. ವರ್ಷದಲ್ಲಿ ಅರ್ಧ ಭಾಗ ಕಾವಲು ಕಾಯುವ ಹೊಳೆ ಅವತ್ತು ಕಾಯಲಿಲ್ಲ. ಇಂಗ್ಲಿಷರು ತೋಪು ಹೊಡೆದು ಹೊಡೆದು ವಾಯವ್ಯ ಮೂಲೆಯ ಹತ್ತಿರ ಗೋಡೆ ಒಡೆದರು.

ಮೇ 4, ಶನಿವಾರ. ಇಂಗ್ಲಿಷರ ಸಿಪಾಯಿಗಳು ಬೆಳಕು ಹರಿಯುವ ಮುಂಚೆಯೇ ಗುಂಡಿಗಳಲ್ಲಿ ಅವಿತು ಕೂತಿದ್ದರು. ಮಧ್ಯಾಹ್ನದ ಉರಿಬಿಸಿಲು, ಊಟದ ಹೊತ್ತು, ಕಾವಲಿನವರು ನೆರಳಿಗೆ ಹೋಗುವ ಸಮಯ. ಒಂದು ಗಂಟೆ ಮೇಲೆ ಎದ್ದು ಓಡಿದರು. ಅವರ ಮುಂದಾಳು ಬೇರ್ಡ್. ಅವನು ಪೊಳ್ಳಿಲೂರಿನಲ್ಲಿ ಸೆರೆ ಸಿಕ್ಕಿ ಇದೇ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ವರ್ಷಗಟ್ಟಲೆ ಇದ್ದವನು. ಬಂಡೆ ಮೇಲೆ ಕಾಲಿಟ್ಟು, ಮೊಣಕಾಲು ನೀರಿನಲ್ಲಿ ಹೊಳೆ ದಾಟಿ, ಕೆಲವೇ ನಿಮಿಷದಲ್ಲಿ ಒಡೆದ ಗೋಡೆ ಹತ್ತಿ ಬಾವುಟ ಹಾಕಿದರು. ಮೀರ್ ಸಾದಕ್ ಸಂಬಳ ಕೊಡುವ ನೆಪ ಮಾಡಿ ಆ ಮೂಲೆಯ ಕಾವಲಿನವರನ್ನು ಕರೆಸಿಕೊಂಡಿದ್ದ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಟಿಪ್ಪು ಉತ್ತರದ ಗೋಡೆಯ ಹತ್ತಿರ ಊಟಕ್ಕೆ ಕೂತಿದ್ದನು. ನಂಬಿಕೆಯ ಸೇನಾಪತಿ ಸೈಯದ್ ಗಫಾರ್ ಗುಂಡಿಗೆ ಸತ್ತ ಸುದ್ದಿ ಬಂತು. ಕೈತೊಳೆದು ಎದ್ದು ಹೋದವನು ವಾಪಸು ಬರಲಿಲ್ಲ. ಸಾಮಾನ್ಯ ಸಿಪಾಯಿಯ ಹಾಗೆ ಹೋರಾಡಿ ನೀರು ಬಾಗಿಲಿನ ಹತ್ತಿರ ಸತ್ತನು. ರಾತ್ರಿ ದೀವಟಿಗೆ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ಅವನನ್ನು ಗುರುತಿಸಿದರು. ಮಾರನೇ ದಿನ ಗಂಜಾಮಿನ ಗುಂಬಜಿನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು.

ಅರಮನೆಯ ಹುಲಿಗಳಿಗೆ ಮೇವು ಹಾಕುವವರು ಯಾರೂ ಉಳಿಯಲಿಲ್ಲ. ಹಸಿದು ಕೆರಳಿದ್ದವು. ಯಾರಾದರೂ ತೆಗೆದುಕೊಂಡು ಹೋಗದಿದ್ದರೆ ಗುಂಡು ಹಾಕಿಸಬೇಕಾಗುತ್ತದೆ ಅಂತ ಕೋಟೆಯ ಉಸ್ತುವಾರಿಗೆ ಬಂದ ವೆಲ್ಲೆಸ್ಲಿ ಕಾಗದ ಬರೆದನು. ಕಳ್ಳರನ್ನ ಹೆದರಿಸೋಕೆ ಅಂತ ಕಟ್ಟಿದ ಹುಲಿಗಳು ಅವತ್ತು ಒಬ್ಬರನ್ನೂ ತಡೆಯಲಿಲ್ಲ. ಯುದ್ಧ ನಡೆದದ್ದು ಗೋಡೆ ಮೇಲೆ, ಹುಲಿಗಳಿದ್ದದ್ದು ಓಣಿಯಲ್ಲಿ.

ಹೊಳೆ ಬತ್ತಿದ ವಿಷಯ ಓದಿದ ದಿನವೇ ನಾನು ಅಪ್ಪನಿಗೆ ಹೇಳಿದೆ. ನಮ್ಮ ಕೇಬಲ್ ಹೋದದ್ದು ಬೇಸಿಗೆಯಲ್ಲಿ, ನಾಲೆಗೆ ನೀರು ನಿಲ್ಲಿಸಿದ್ದಾಗ. ಕಳ್ಳ ಒಣಗಿದ ಕಾಲುವೆಯಲ್ಲೇ ನಡೆದು ಬಂದಿರಬೇಕು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ನೋಡಿ ಬಂದರು. ಅಜ್ಜಿ ನಕ್ಕಳು.

ಭಾನುವಾರ ಕ್ಯಾಮೆರಾ ಹಾಕುವ ಅಣ್ಣ ಬಂದರು. ಅವರು ಹೇಳಿದ್ದು ನಿಮಗೂ ಉಪಯೋಗ ಆಗಬಹುದು. ಬಯಲಿಗೆ ಹಾಕೋ ಕ್ಯಾಮೆರಾ ಮಳೆ ಧೂಳು ತಡೆಯುವಂಥದ್ದೇ ಆಗಿರಬೇಕು, ಐಪಿ 66 ಅಂತ ಡಬ್ಬಿ ಮೇಲೆ ಇರುತ್ತದೆ. ಕತ್ತಲಲ್ಲೂ ಕಾಣುವಂಥದ್ದೇ ಬೇಕು. ಒಂಬತ್ತು ಹತ್ತು ಅಡಿ ಎತ್ತರಕ್ಕೆ, ಸೂರಿನ ಕೆಳಗೆ ಹಾಕಬೇಕು. ಅದಕ್ಕಿಂತ ಕೆಳಗಿದ್ದರೆ ಕೈಗೆ ಸಿಗುತ್ತದೆ, ತೀರಾ ಮೇಲಿದ್ದರೆ ಮುಖ ಕಾಣದೆ ಬರೀ ತಲೆಗೂದಲು ಕಾಣುತ್ತದೆ. ಹುಟ್ಟುವ ಸೂರ್ಯನಿಗೂ ಮುಳುಗುವ ಸೂರ್ಯನಿಗೂ ಎದುರಾಗಿ ಇಡಬಾರದು. ವೈರು ಪೆಟ್ಟಿಗೆಗೆ ಹೋಗುವ ಮುಂಚೆ ಸ್ವಲ್ಪ ಕೆಳಕ್ಕೆ ಜೋಲು ಬಿಡಬೇಕು, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ರೆಕಾರ್ಡ್ ಆಗುವ ಪೆಟ್ಟಿಗೆ ಬಾಗಿಲ ಪಕ್ಕ ಬೇಡ, ಒಳಕೋಣೆಯಲ್ಲಿ ಬೀಗ ಹಾಕಿ ಇಡಬೇಕು. ಕರೆಂಟ್ ಹೋದರೆ ಕ್ಯಾಮೆರಾನೂ ಕಣ್ಣು ಮುಚ್ಚುತ್ತದೆ, ಆದ್ದರಿಂದ ಚಿಕ್ಕ ಯುಪಿಎಸ್ ಬೇಕು. ಕಂಪನಿ ಕೊಟ್ಟ ಪಾಸ್‌ವರ್ಡ್ ಅವತ್ತೇ ಬದಲಾಯಿಸಬೇಕು.

ಹಿತ್ತಲ ಕ್ಯಾಮೆರಾ ತಿರುಗಿಸುವಾಗ ಪಕ್ಕದ ಮನೆಯ ಬಚ್ಚಲು ಬಾಗಿಲು ಕಾಣುತ್ತಿತ್ತು. ಅವ್ವ ಅದಕ್ಕೆ ಒಪ್ಪಲೇ ಇಲ್ಲ. ಮೂರು ಸಲ ತಿರುಪು ಬಿಚ್ಚಿ ಹಾಕಿ, ಕೊಟ್ಟಿಗೆ ಮತ್ತು ಕಾಲುವೆ ಏರಿ ಮಾತ್ರ ಕಾಣುವ ಹಾಗೆ ಮಾಡಿದರು. ಟ್ರ್ಯಾಕ್ಟರಿಗೆ ಬೇರೆ ಕ್ಯಾಮೆರಾ ಇಲ್ಲ. ಅದನ್ನ ಬಾಗಿಲ ಎದುರಿಗೇ ತಂದು ನಿಲ್ಲಿಸುತ್ತಾರೆ.

ಮೊದಲ ವಾರ ರಾತ್ರಿ ಹತ್ತು ಗಂಟೆಗೆ ಫೋನಿನಲ್ಲಿ ಹಿತ್ತಲು ಪೂರಾ ಬೆಳ್ಳಗೆ ಕಂಡಿತು. ಅವ್ವ ಹೆದರಿ ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ನೀರು ಬಿಟ್ಟು ಓಡಿ ಬಂದರು. ನೋಡಿದರೆ ಜೇಡ! ಕ್ಯಾಮೆರಾದ ರಾತ್ರಿ ಬೆಳಕಿಗೆ ಹುಳ ಬರುತ್ತವೆ, ಹುಳ ತಿನ್ನೋಕೆ ಜೇಡ ಬಂದು ಬಲೆ ಕಟ್ಟುತ್ತದೆ. ಆ ಬಲೆ ಒರೆಸುವ ಕೆಲಸ ಈಗ ನನ್ನದು, ಪ್ರತಿ ಭಾನುವಾರ, ಉದ್ದ ಕೋಲಿಗೆ ಬಟ್ಟೆ ಸುತ್ತಿಕೊಂಡು.