ಸದ್ದಿಲ್ಲದ ಗೆಲುವು

ಶಿಕಾರಿಪುರದ ಮನೆಯಿಂದ ಸೊರಬದ ಕಾಲೇಜಿಗೆ ನಾನು ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಿಟಕಿಯ ಬಳಿ ಕುಳಿತು ಅಂದಿನ ಪಾಠವನ್ನು ಮನಸ್ಸಿನಲ್ಲಿಯೇ ಒಮ್ಮೆ ತಿರುವಿಹಾಕುವುದು ಹಳೆಯ ರೂಢಿ. ಎರಡು ವರ್ಷಗಳ ಹಿಂದೆ ಆ ರೂಢಿಗೆ ಒಂದು ಚಿಂತೆಯೂ ಜೊತೆಗೂಡಿತು. ನನ್ನ ಎಡಗಿವಿ ಮಂದವಾಗುತ್ತ ಬಂದಿತ್ತು. ಷಟ್ಪದಿಯ ನಡೆಯನ್ನು ಕಿವಿಯಿಂದ ಕಿವಿಗೆ ದಾಟಿಸಬೇಕಾದ ವೃತ್ತಿ ನನ್ನದು. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದರೆ ಕೇಳಿಸಿದವರಂತೆ ತಲೆದೂಗಿ ಮುಂದಿನ ಪದ್ಯಕ್ಕೆ ಹೊರಟುಬಿಡುತ್ತಿದ್ದೆ. ಈ ಸಂಗತಿಯನ್ನು ಯಾರಲ್ಲಿಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೀಗಿರುತ್ತ, ಕಾಲೇಜಿನ ಕ್ರೀಡಾದಿನದಂದು ನಾಲ್ಕು ಮಾತನಾಡುವ ಸರದಿ ನನ್ನ ಪಾಲಿಗೆ ಬಂದಿತು. ಆಟದ ಬಯಲನ್ನು ದೂರದಿಂದ ಮಾತ್ರ ಬಲ್ಲ ನಾನು ಒಲಿಂಪಿಕ್ ಕ್ರೀಡೆಗಳ ಚರಿತ್ರೆಯನ್ನು ಓದತೊಡಗಿದೆ. ಅಲ್ಲಿ ಶಾರ್ಲಟ್ ಕೂಪರ್ ಎಂಬ ಆಂಗ್ಲ ಮಹಿಳೆಯ ಪರಿಚಯವಾಯಿತು. ಒಲಿಂಪಿಕ್ಸ್‌ನ ವೈಯಕ್ತಿಕ ಸ್ಪರ್ಧೆಯೊಂದರಲ್ಲಿ ಗೆದ್ದ ಮೊತ್ತಮೊದಲ ಹೆಣ್ಣುಮಗಳು ಈಕೆ. ಗೆದ್ದ ಆ ದಿನಗಳಲ್ಲಿ ಆಕೆಗೆ ಕಿವಿ ಕೇಳಿಸುತ್ತಿರಲಿಲ್ಲ ಎಂಬ ಸಾಲಿಗೆ ಬಂದಾಗ ನನ್ನ ಓದು ಅಲ್ಲಿಯೇ ನಿಂತಿತು.

ಶಾರ್ಲಟ್ ಹುಟ್ಟಿದ್ದು 1870ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಸಮೀಪದ ಈಲಿಂಗ್ ಎಂಬ ಊರಿನಲ್ಲಿ. ತಂದೆ ಹೆನ್ರಿ ಕೂಪರನದು ಹಿಟ್ಟಿನ ಗಿರಣಿಯ ಉದ್ಯೋಗ. ಊರಿನ ಟೆನಿಸ್ ಕ್ಲಬ್ಬಿನ ಹುಲ್ಲಂಗಳದಲ್ಲಿ ಹುಡುಗಿ ಆಟ ಕಲಿತಳು. ಆಗಿನ ಹೆಂಗಸರು ಹಿಮ್ಮಡಿ ಮುಟ್ಟುವ ಲಂಗವನ್ನುಟ್ಟು, ಚೆಂಡನ್ನು ಕೈಕೆಳಗಿನಿಂದಲೇ ಎತ್ತಿ ಹಾಕಿ, ಬಹುಮಟ್ಟಿಗೆ ಹಿಂದಿನ ಗೆರೆಯ ಬಳಿ ನಿಂತೇ ಆಡುತ್ತಿದ್ದರು. ಶಾರ್ಲಟ್ ಇದಕ್ಕೆ ಒಗ್ಗಲಿಲ್ಲ. ತಲೆಯ ಮೇಲಿನಿಂದ ಹೊಡೆದು ಸರ್ವ್ ಮಾಡುತ್ತಿದ್ದ ಮೊದಲಿಗರಲ್ಲಿ ಆಕೆ ಒಬ್ಬಳು. ಸಮಯ ಸಿಕ್ಕೊಡನೆ ಬಲೆಯ ಬಳಿಗೆ ಧಾವಿಸಿ, ಚೆಂಡು ನೆಲ ಮುಟ್ಟುವ ಮುನ್ನವೇ ಹೊಡೆದುಬಿಡುವುದು ಆಕೆಯ ಪದ್ಧತಿ.

1895ರಲ್ಲಿ, ಟೆನಿಸ್ಸಿನ ಕಾಶಿಯೆನ್ನಬಹುದಾದ ವಿಂಬಲ್ಡನ್ನಿನಲ್ಲಿ ಆಕೆ ಮೊದಲ ಬಾರಿಗೆ ಗೆದ್ದಳು. ಅಂದಿನ ಸಂಜೆಯ ಕಥೆಯೊಂದುಂಟು. ಆಟ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬಂದಾಗ ಮನೆಯವರೊಬ್ಬರು ಬೇಲಿಯ ಗಿಡಗಳನ್ನು ಕತ್ತರಿಸುತ್ತಿದ್ದರಂತೆ. ಎಲ್ಲಿಗೆ ಹೋಗಿದ್ದೆಯೆಂದು ಕೇಳಿದರು. ಈಗ ತಾನೇ ಚಾಂಪಿಯನ್ ಆಗಿ ಬಂದೆನೆಂದು ಈಕೆ ಹೇಳಿದಳು. ಅವರು ಮರುಮಾತಾಡದೆ ಗಿಡ ಕತ್ತರಿಸುವುದನ್ನು ಮುಂದುವರಿಸಿದರು!

ಮರುವರ್ಷವೂ ಆಕೆಯೇ ಗೆದ್ದಳು. ಅದೇ 1896ರಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ, ಆಕೆಯ ಕಿವಿ ಕೇಳಿಸದಾಯಿತು. ಟೆನಿಸ್ ಆಟದಲ್ಲಿ ಕಿವಿಗೇನು ಕೆಲಸವೆಂದು ಓದುಗರು ಕೇಳಬಹುದು. ಎದುರಾಳಿಯ ರ‍್ಯಾಕೆಟ್ಟಿನ ತಂತಿಗೆ ಚೆಂಡು ತಗುಲಿದ ಸದ್ದಿನಿಂದಲೇ ಹೊಡೆತದ ಬಿರುಸು, ಚೆಂಡಿನ ಸುತ್ತು, ಅದು ತಂತಿಯ ನಡುವೆ ತಗುಲಿತೋ ಅಂಚಿಗೆ ತಗುಲಿತೋ ಎಂಬುದೆಲ್ಲ ಆಟಗಾರನಿಗೆ ಕ್ಷಣಾರ್ಧದಲ್ಲಿ ತಿಳಿಯುತ್ತದೆ. ಬಲೆಯ ಬಳಿ ನಿಂತು ಆಡುವವರಿಗಂತೂ ಆ ಕ್ಷಣಾರ್ಧವೇ ಸರ್ವಸ್ವ. ಶಾರ್ಲಟ್ ಅದೆಲ್ಲವನ್ನೂ ಕಣ್ಣೊಂದರಿಂದಲೇ ಅರಿಯಬೇಕಾಯಿತು. ಆದರೂ ಆಕೆ ಹಿಂದಿನ ಗೆರೆಗೆ ಸರಿಯಲಿಲ್ಲ. 1898ರಲ್ಲಿ ಮತ್ತೆ ಗೆದ್ದಳು. 1895ರಿಂದ 1902ರವರೆಗೆ ಎಂಟು ವರ್ಷ ಒಂದೂ ತಪ್ಪದೆ ವಿಂಬಲ್ಡನ್ನಿನ ಅಂತಿಮ ಪಂದ್ಯವನ್ನಾಡಿದಳು. ಅದನ್ನು ಮೀರಲು 1990ರಲ್ಲಿ ಮಾರ್ಟಿನಾ ನವ್ರಾಟಿಲೋವಾ ಬರಬೇಕಾಯಿತು.

1900ರ ಪ್ಯಾರಿಸ್ ಒಲಿಂಪಿಕ್ಸ್ ಅಲ್ಲಿನ ವಿಶ್ವ ವಸ್ತುಪ್ರದರ್ಶನದ ಅಂಗವಾಗಿ ನಡೆಯಿತು. ಅದಕ್ಕೆ ಮುಂಚೆ 1896ರ ಅಥೆನ್ಸ್ ಕ್ರೀಡೆಗಳಲ್ಲಿ ಹೆಣ್ಣಿಗೆ ಪ್ರವೇಶವೇ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಸ್ಪರ್ಧಿಸಿದ ಸುಮಾರು ಸಾವಿರ ಮಂದಿಯಲ್ಲಿ ಹೆಂಗಸರು 22 ಮಾತ್ರ. ಸೀನ್ ನದಿಯ ದ್ವೀಪವೊಂದರಲ್ಲಿ ನಡೆದ ಮಹಿಳಾ ಸಿಂಗಲ್ಸ್‌ಗೆ ಇಳಿದವರು ಆರೇ ಮಂದಿ. ಶಾರ್ಲಟ್ ಅಮೆರಿಕದ ಮೇರಿಯನ್ ಜೋನ್ಸ್‌ಳನ್ನು ಸೋಲಿಸಿ, ಜುಲೈ 11ರಂದು ಫ್ರಾನ್ಸಿನ ಎಲೆನ್ ಪ್ರೆವೋಳ ಮೇಲೆ 6-1, 6-4ರಿಂದ ಜಯ ಗಳಿಸಿದಳು. ರೆಜಿನಾಲ್ಡ್ ಡೊಹರ್ಟಿಯೊಡನೆ ಮಿಶ್ರ ಡಬಲ್ಸ್‌ನಲ್ಲಿಯೂ ಗೆಲುವು ಆಕೆಯದೇ. ಜನ ಚಪ್ಪಾಳೆ ತಟ್ಟಿರಬೇಕು. ಆಕೆ ಅದನ್ನು ಕಣ್ಣಿನಿಂದ ಕಂಡಿರಬೇಕು. ಚಿನ್ನದ ಪದಕ ಕೊಡುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಇಂದು ದಾಖಲೆಯ ಪುಸ್ತಕಗಳಲ್ಲಿ ಆಕೆಯ ಹೆಸರಿನ ಮುಂದೆ ಕಾಣುವ ಚಿನ್ನ ಎಷ್ಟೋ ಕಾಲದ ಬಳಿಕ ಬರೆದು ಸೇರಿಸಿದ್ದು.

1901ರ ಜನವರಿಯಲ್ಲಿ ಆಲ್ಫ್ರೆಡ್ ಸ್ಟೆರಿ ಎಂಬ ವಕೀಲನೊಡನೆ ಆಕೆಯ ವಿವಾಹವಾಯಿತು. ಆ ವರ್ಷವೂ ವಿಂಬಲ್ಡನ್ ಆಕೆಯ ಕೈಸೇರಿತು. 1902ರ ಅಂತಿಮ ಪಂದ್ಯ ಮಾತ್ರ ವಿಚಿತ್ರವಾದುದು. ಮ್ಯೂರಿಯಲ್ ರಾಬ್‌ಳೊಡನೆ ಸೆಟ್ಟುಗಳು ಸಮವಾಗಿ ನಿಂತಿದ್ದಾಗ ಮಳೆ ಬಂದಿತು. ಮರುದಿನ ಉಳಿದ ಆಟವನ್ನಷ್ಟೇ ಆಡಿಸದೆ ಪಂದ್ಯವನ್ನು ಮೊದಲಿನಿಂದ ಪ್ರಾರಂಭಿಸಿದರು. ಶಾರ್ಲಟ್ ಸೋತಳು. ಆ ಬಳಿಕ ಒಬ್ಬ ಮಗ, ಒಬ್ಬ ಮಗಳು ಹುಟ್ಟಿದರು. ಇನ್ನು ಆಕೆಯ ಆಟ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ತಪ್ಪಿಲ್ಲ. ಆದರೆ 1908ರಲ್ಲಿ, ಮೂವತ್ತೇಳರ ಪ್ರಾಯದಲ್ಲಿ, ಇಬ್ಬರು ಮಕ್ಕಳ ಆ ತಾಯಿ ಐದನೆಯ ಸಲ ವಿಂಬಲ್ಡನ್ ಗೆದ್ದಳು. ಅಷ್ಟು ವಯಸ್ಸಿನಲ್ಲಿ ಅಲ್ಲಿನ ಮಹಿಳಾ ಸಿಂಗಲ್ಸ್ ಗೆದ್ದವರು ಇಂದಿಗೂ ಬೇರೊಬ್ಬರಿಲ್ಲ. ಐದು ಗೆಲುವುಗಳಲ್ಲಿ ಮೂರು ಕಿವುಡು ಬಂದ ಮೇಲಿನವು. ನಲವತ್ತೊಂದನೆಯ ವಯಸ್ಸಿನಲ್ಲಿಯೂ, ಅಂದರೆ 1912ರಲ್ಲಿ, ಅಂತಿಮ ಪಂದ್ಯದವರೆಗೆ ಬಂದು ಸೋತಳು. ಮಗಳು ಗ್ವೆನ್ ಕೂಡ ಮುಂದೆ ಆ ಅಂಗಳದ ಆಟಗಾರ್ತಿಯಾದಳು.

1961ರಲ್ಲಿ ವಿಂಬಲ್ಡನ್ನಿನ ಎಪ್ಪತ್ತೈದನೆಯ ಪಂದ್ಯಾವಳಿ ನಡೆದಾಗ, ತೊಂಬತ್ತರ ಮುದುಕಿ ಸ್ಕಾಟ್ಲೆಂಡಿನಿಂದ ಒಬ್ಬಳೇ ವಿಮಾನ ಹತ್ತಿ ಹಳೆಯ ಚಾಂಪಿಯನ್ನರ ಔತಣಕ್ಕೆ ಬಂದಳು. 1966ರ ಅಕ್ಟೋಬರ್ 10ರಂದು, ತೊಂಬತ್ತಾರರ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನ ಹೆಲೆನ್ಸ್‌ಬರೊದಲ್ಲಿ ತೀರಿಕೊಂಡಳು. ಟೆನಿಸ್ ಕೀರ್ತಿಭವನದಲ್ಲಿ ಆಕೆಗೆ ಸ್ಥಾನ ದೊರೆತದ್ದು 2013ರಲ್ಲಿ.

ನಮ್ಮ ಬಸ್ಸು ನಿಲ್ಲುವ ಶಿರಾಳಕೊಪ್ಪದ ಸಮೀಪದಲ್ಲಿಯೇ ಅಕ್ಕಮಹಾದೇವಿಯ ಉಡುತಡಿಯಿದೆ. ಅಕ್ಕನ ದಾರಿ ಬೇರೆ, ಈಕೆಯ ಅಂಗಳ ಬೇರೆ. ಹೋಲಿಕೆಗೆ ನಾನು ಕೈಹಾಕುವುದಿಲ್ಲ. ಆದರೂ ಆ ದಿನಗಳಲ್ಲಿ ಉಡುತಡಿಯ ದಿಕ್ಕಿಗೆ ನೋಡಿದಾಗಲೆಲ್ಲ, ಮುಂದೆ ನಡೆದವರ ಹೆಜ್ಜೆಯಿಲ್ಲದ ಕಡೆ ಒಬ್ಬಳೇ ಹೊರಟವಳಿಗೆ ಎಷ್ಟು ಧೈರ್ಯ ಬೇಕಾಗಿತ್ತೆಂದು ಯೋಚಿಸುತ್ತಿದ್ದೆ. ಒಂದು ತರಗತಿಯೆದುರು ಒಂದು ನಿಜ ನುಡಿಯುವ ಧೈರ್ಯ ನನ್ನಲ್ಲಿರಲಿಲ್ಲ.

ಕ್ರೀಡಾದಿನದ ಮಾತು ಮುಗಿಯಿತು. ಮರುದಿನ ತರಗತಿಯಲ್ಲಿ ಪುಸ್ತಕ ತೆರೆಯುವ ಮೊದಲು ನನ್ನ ಎಡಗಿವಿಯ ಸಂಗತಿಯನ್ನು ಹೇಳಿದೆ. ಪ್ರಶ್ನೆಯಿದ್ದವರು ದಯವಿಟ್ಟು ಮುಂದೆ ಬರಬೇಕೆಂದು ಕೋರಿದೆ. ತುಸು ಹೊತ್ತು ಯಾರೂ ಕದಲಲಿಲ್ಲ. ಬಳಿಕ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ನನ್ನ ಬಲಗಡೆ ನಿಂತಳು. ಹಿಂದಿನ ವಾರ ತಾನು ಕೇಳಿದ್ದ, ನಾನು ತಲೆದೂಗಿ ದಾಟಿಹೋಗಿದ್ದ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದಳು. ಒಳ್ಳೆಯ ಪ್ರಶ್ನೆ. ಅಂದಿನ ಪಾಠದ ಹೊತ್ತೆಲ್ಲ ಅದಕ್ಕೇ ಮೀಸಲಾಯಿತು.