ಗಂಗಾಮೂಲದಿಂದ ಮುಕ್ತಿಯವರೆಗೆ

ಹರಿಹರದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯ ಎರಡೂ ಕವಲುಗಳು ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಅದೇ ಕಾಡಿನ ಆಶ್ರಮವೊಂದರಲ್ಲಿ 1858ರ ಏಪ್ರಿಲ್ 23ರಂದು ಜನಿಸಿದವರು ಪಂಡಿತಾ ರಮಾಬಾಯಿ. ಮುಂಬೈ, ಪುಣೆ ಸೀಮೆಯಲ್ಲಿ ನಿರಾಶ್ರಿತ ಮಹಿಳೆಯರಿಗಾಗಿ ಅವರು ಕಟ್ಟಿದ ಮನೆಗಳು ದಾವಣಗೆರೆ–ಹರಿಹರದಂತಹ ಅವಳಿ ನಗರಗಳಿಗೆ ಇಂದಿಗೂ ಪಾಠ ಹೇಳಬಲ್ಲವು.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಪತ್ನಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದರು. ರಮಾಬಾಯಿ ಆ ತಾಯಿಯಿಂದಲೇ ಸಂಸ್ಕೃತ ಕಲಿತರು. ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತ ತಲುಪಿದಾಗ ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಜಾತಿಯ ಕಟ್ಟು ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. ಎರಡು ವರ್ಷ ತುಂಬುವ ಮೊದಲೇ ಪತಿ ಕಾಲರಾಕ್ಕೆ ಬಲಿಯಾದರು. ಇಪ್ಪತ್ಮೂರರ ವಿಧವೆಯ ಮಡಿಲಲ್ಲಿ ವರ್ಷವೂ ತುಂಬದ ಮಗಳು ಮನೋರಮಾ ಇದ್ದಳು.

1882ರಲ್ಲಿ ಹಂಟರ್ ಆಯೋಗದ ಮುಂದೆ ಅವರು ಶಿಕ್ಷಕಿಯರು, ವೈದ್ಯೆಯರು ಬೇಕೆಂದು ವಾದಿಸಿದರು. ಮರುವರ್ಷ ಇಂಗ್ಲೆಂಡಿಗೆ ತೆರಳಿ ಕ್ರೈಸ್ತಧರ್ಮ ಸ್ವೀಕರಿಸಿದರು. 1887ರಲ್ಲಿ ಅಮೆರಿಕದಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಬದುಕನ್ನು ಕುರಿತ ಗ್ರಂಥ ಪ್ರಕಟಿಸಿ, ಉಪನ್ಯಾಸಗಳನ್ನು ನೀಡಿ ಹಣ ಕೂಡಿಸಿದರು. 1889ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿಗೆ ಬಂದ ಮೊದಲ ವಿಧವೆ ಗೋದೂಬಾಯಿ ವಿದ್ಯೆ ಕಲಿತು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದು, ಅವರ ವಿಧವಾಶ್ರಮದ ಕಾರ್ಯಕ್ಕೆ ಹೆಗಲು ಕೊಟ್ಟರು. ನೆರಳು ಪಡೆದವಳೇ ನೆರಳು ನೀಡುವವಳಾದಳು.

ಅದೇ ವರ್ಷ ಮತಾಂತರದ ಆಕ್ಷೇಪವೆದ್ದು ಅನೇಕ ಪಾಲಕರು ಹೆಣ್ಣುಮಕ್ಕಳನ್ನು ಸದನದಿಂದ ಬಿಡಿಸಿಕೊಂಡು ಹೋದರು. ಆ ಆಕ್ಷೇಪವನ್ನು ಸಂಪೂರ್ಣ ನಿರಾಧಾರ ಎನ್ನಲಾಗದು. ಆಸರೆಗೂ ನಂಬಿಕೆಗೂ ನಡುವೆ ಅಂತರವಿರಬೇಕೆಂಬುದು ಸರ್ಕಾರಿ ಹಣದ ಸಂಸ್ಥೆಗಳ ಮಟ್ಟಿಗಂತೂ ನಿರ್ವಿವಾದ. ಆದರೆ 1896ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದವರೂ ಅವರೇ. ಪುಣೆಯ ಸಮೀಪದ ಕೇಡಗಾಂವದಲ್ಲಿ ಹೀಗೆ ಬೆಳೆದದ್ದು ಮುಕ್ತಿ ಸದನ. 1900ರ ಕ್ಷಾಮದ ವೇಳೆಗೆ ಅಲ್ಲಿ ಸುಮಾರು 2000 ಮಂದಿಯಿದ್ದರು. ಓದುಬರಹದ ಜೊತೆಗೆ ನೇಯ್ಗೆ, ಬೇಸಾಯ, ಹೈನುಗಾರಿಕೆ, ಎಣ್ಣೆ ಗಾಣ, ಮುದ್ರಣಾಲಯದ ಕೆಲಸ ಕಲಿಸಲಾಗುತ್ತಿತ್ತು. ಮನೋರಮಾ 1921ರಲ್ಲಿ ನಿಧನರಾದರು. 1922ರ ಏಪ್ರಿಲ್ 5ರಂದು ತಾಯಿಯೂ ಕಣ್ಮುಚ್ಚಿದರು.

ಅರ್ಥಶಾಸ್ತ್ರ ಓದಿ ಆಡಳಿತದಲ್ಲಿ ಆಯುಷ್ಯ ಕಳೆದ ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಕರುಣೆಗಿಂತ ಆ ವ್ಯವಸ್ಥೆಯ ಲೆಕ್ಕಾಚಾರ. ದಾವಣಗೆರೆಯ ಹತ್ತಿಗಿರಣಿಗಳೂ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಮುಚ್ಚಿದಾಗ ಸಂಸಾರದ ಹೊರೆ ಹೆಂಗಸರ ಹೆಗಲಿಗೂ ಬಿತ್ತು. ಮನೆ ತೊರೆಯಬೇಕಾದ ತಾಯಿಗೆ ಮಂಡಕ್ಕಿ ಭಟ್ಟಿಯ ಕೂಲಿಯಿಂದ ಬಾಡಿಗೆ ಕೋಣೆಯ ಮುಂಗಡ ಹೊಂದಿಸುವುದು ಸುಲಭವಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಸ್ವಾಧಾರ, ಉಜ್ವಲಾ ಯೋಜನೆಗಳನ್ನು ಒಂದುಗೂಡಿಸಿ ಶಕ್ತಿ ಸದನ ಎಂದು ಹೆಸರಿಟ್ಟಿತು. ಹೆಸರು ಬದಲಾದರೆ ಸಾಲದು. ನಮ್ಮ ಕಡತಗಳು ಸಾಮಾನ್ಯವಾಗಿ ಕೇಳುವುದು ಎಷ್ಟು ಮಂದಿ ಒಳಬಂದರು ಎಂದು. ಎಷ್ಟು ಮಂದಿ ಕಸುಬು ಕಲಿತು, ಮಕ್ಕಳ ಕೈಹಿಡಿದು, ಸ್ವಂತ ಬಾಡಿಗೆ ಕಟ್ಟಿ ನೆಲೆ ನಿಂತರು ಎಂಬುದನ್ನೂ ಜಿಲ್ಲಾಡಳಿತ ವರ್ಷಕ್ಕೊಮ್ಮೆ ಪ್ರಕಟಿಸಲಿ. ಗೋದೂಬಾಯಿಯ ಬದುಕು ನೀಡುವ ಅಳತೆಗೋಲು ಅದೇ.